20 ತಿಂಗಳ ಮಗನಿಗೆ ಡಿಇಐಸಿ ಚೀಟಿ ಕೊಟ್ಟಿದ್ದಾರೆ. ಅಲ್ಲಿ ಏನು ಮಾಡುತ್ತಾರೆ?

ಪುಟ್ಟನಮ್ಮ (ಅರಸೀಕೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 20 ತಿಂಗಳು. ನಡೆಯುತ್ತಾನೆ, ಓಡುತ್ತಾನೆ, ಮಂಚ ಹತ್ತಿ ಇಳಿಯುತ್ತಾನೆ. ಊಟ, ನಿದ್ದೆ ಸರಿಯಾಗಿದೆ. ಮಾತು ಮಾತ್ರ ಇಲ್ಲ. ಆಗೊಮ್ಮೆ ಈಗೊಮ್ಮೆ "ಅಮ್ಮ" ಅಂದ ಹಾಗೆ ಕೇಳಿಸುತ್ತದೆ. ನನ್ನನ್ನೇ ಕರೆದದ್ದೋ ಸುಮ್ನೆ ಅಂದದ್ದೋ ಗೊತ್ತಾಗುವುದಿಲ್ಲ. ಹೆಸರು ಹಿಡಿದು ಕರೆದರೆ ಒಂದು ಸಲ ತಿರುಗುತ್ತಾನೆ, ಇನ್ನೊಂದು ಸಲ ಇಲ್ಲ. ಏನಾದರೂ ಬೇಕಿದ್ದರೆ ನನ್ನ ಕೈ ಹಿಡಿದು ಅಲ್ಲಿಗೇ ಎಳೆದುಕೊಂಡು ಹೋಗುತ್ತಾನೆ.

ಹೋದ ವಾರ ನಮ್ಮ ಅಂಗನವಾಡಿಗೆ ಡಾಕ್ಟರ್ ತಂಡ ಬಂದಿತ್ತು. ಪೌಷ್ಟಿಕ ಆಹಾರದ ಪೊಟ್ಟಣ ತರೋಕೆ ಹೋದವಳು ಇವನನ್ನೂ ತೋರಿಸಿದೆ. ಏನೇನೋ ಕೇಳಿದರು, ಚೀಟಿ ಬರೆದರು, ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಬೆಳವಣಿಗೆ ತಡವಾದ ಮಕ್ಕಳನ್ನು ನೋಡುವ ಕೇಂದ್ರಕ್ಕೆ, ಕರೆದುಕೊಂಡು ಹೋಗಿ ಅಂದರು. ಮನೆಗೆ ಬಂದು ಹೇಳಿದ್ದೇ ತಡ, ರಂಪ. "ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದು. ಈಗ ಬಾಯಿ ಮುಚ್ಚಿಸೋಕೆ ಆಗುತ್ತಾ? ಚೆನ್ನಾಗಿರೋ ಮಗೂನ ಯಾಕೆ ಆಸ್ಪತ್ರೆಗೆ ಒಯ್ತೀಯಾ" ಅಂತ ಅತ್ತೆ. ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಫೋನಿನಲ್ಲಿ "ನೋಡೋಣ ಬಿಡು" ಅನ್ನುತ್ತಾರೆ.

ಅಲ್ಲಿ ಮಗುವಿಗೆ ಏನು ಮಾಡುತ್ತಾರೆ? ಸೂಜಿ, ಸ್ಕ್ಯಾನ್ ಎಲ್ಲ ಇರುತ್ತಾ? ಒಂದು ಸಲ ಹೆಸರು ಬರೆಸಿದರೆ ಮುಂದೆ ಶಾಲೆಗೆ ಸೇರಿಸುವಾಗ ತೊಂದರೆ ಆಗುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಅಂಗನವಾಡಿ_ಟೀಚರ್ (ತುಮಕೂರು ಜಿಲ್ಲೆ)

ಮೊದಲು ಸಮಾಧಾನ ಮಾಡಿಕೊಳ್ಳಿ ತಾಯಿ. ಆ ತಂಡ ನಿಮ್ಮ ಮಗನಿಗೇ ಅಂತ ಬಂದದ್ದಲ್ಲ. ಅದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. 2013ರಲ್ಲಿ ಶುರುವಾದದ್ದು, ಎಲ್ಲರೂ ಆರ್‌ಬಿಎಸ್‌ಕೆ ಅನ್ನುತ್ತೇವೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಶಾಲೆಗೆ ಒಂದು ಸಲ. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನೂ ನೋಡುತ್ತಾರೆ. ಅನುಮಾನ ಬಂದರೆ ಚೀಟಿ. ಹಲ್ಲು ಹುಳುಕಿಗೂ ಚೀಟಿ ಬರೆಯುತ್ತಾರೆ, ಹೃದಯದಲ್ಲಿ ರಂಧ್ರ ಇದ್ದರೂ ಚೀಟಿ ಬರೆಯುತ್ತಾರೆ. ಡಿಇಐಸಿಯಲ್ಲಿ ದುಡ್ಡು ಕೊಡಬೇಕಿಲ್ಲ.

ನನ್ನ ಬೇಸರ ಬೇರೆ. ಚೀಟಿ ತೆಗೆದುಕೊಂಡವರಲ್ಲಿ ಎಷ್ಟೋ ಜನ ಹೋಗುವುದೇ ಇಲ್ಲ. ಆರು ತಿಂಗಳ ನಂತರ ತಂಡ ಬಂದಾಗ ಅದೇ ಮಗು, ಅದೇ ಚೀಟಿ. ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಇನ್ನೊಂದು ಕೂಸು. ಅವರ ಕಷ್ಟವೂ ಸುಳ್ಳಲ್ಲ.

ಮಾತಿನ_ಮೇಡಂ (ಮೈಸೂರು)

ನಾನು ಸ್ಪೀಚ್ ಥೆರಪಿಸ್ಟ್. ಮಗುವನ್ನು ನೋಡದೆ ಇಲ್ಲಿ ಏನೂ ನಿರ್ಧರಿಸಲಾರೆ. ಆದರೆ ಅಲ್ಲಿ ಏನು ನಡೆಯುತ್ತದೆ ಅಂತ ಹೇಳಬಲ್ಲೆ.

ಅಂಗನವಾಡಿಯಲ್ಲಿ ಆದದ್ದು ಜರಡಿ ಹಿಡಿಯುವ ಕೆಲಸ. ಪೂರ್ತಿ ಪರೀಕ್ಷೆ ಬೇಕಾದ ಮಕ್ಕಳನ್ನು ಬೇರೆ ಮಾಡುವುದಷ್ಟೇ. ಅದರಿಂದ ಯಾವ ಕಾಯಿಲೆಯ ಹೆಸರೂ ಹುಟ್ಟುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ನಡೆಯುವುದು ನಿಜವಾದ ಮೌಲ್ಯಮಾಪನ. ಅಲ್ಲಿ ಮಕ್ಕಳ ಡಾಕ್ಟರ್, ಕಿವಿ ಕೇಳಿಸುವುದನ್ನು ಪರೀಕ್ಷಿಸುವ ಆಡಿಯಾಲಜಿಸ್ಟ್, ಫಿಸಿಯೋ, ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಒಂದೇ ಕಡೆ ಇರಬೇಕು ಅಂತ ನಿಯಮ. ಎಲ್ಲ ಹುದ್ದೆಯೂ ಎಲ್ಲ ಜಿಲ್ಲೆಯಲ್ಲೂ ತುಂಬಿರುವುದಿಲ್ಲ. ಹೋಗುವ ಮುಂಚೆ ಆರ್‌ಬಿಎಸ್‌ಕೆ ತಂಡದವರಿಗೇ ಫೋನ್ ಮಾಡಿ, ಯಾರು ಯಾವ ದಿನ ಇರುತ್ತಾರೆ ಅಂತ ಕೇಳಿಕೊಳ್ಳಿ.

ಮಾತು ಬಾರದ ಮಗುವಿಗೆ ಮೊದಲು ಕಿವಿ. ಇದನ್ನು ಯಾರೂ ಬಿಡಬಾರದು. "ಕುಕ್ಕರ್ ಶಿಳ್ಳೆಗೆ ಬೆಚ್ಚುತ್ತಾನೆ, ಚಾಕೊಲೇಟ್ ಸದ್ದಿಗೆ ಓಡಿ ಬರುತ್ತಾನೆ, ಕಿವಿ ಸರಿ ಇದೆ" ಅಂತ ತಂದೆ ತಾಯಿ ಹೇಳುತ್ತಾರೆ. ಕುಕ್ಕರ್ ಜೋರು ಸದ್ದು, ಅದು ಕೇಳಿಸಿದರೂ ಮಾತಿನ ಸಣ್ಣ ಸಣ್ಣ ಸದ್ದುಗಳು ಕೇಳಿಸದೇ ಇರಬಹುದು. ಒಎಇ ಅಂತ ಒಂದು ಪರೀಕ್ಷೆ, ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ. ಬೇರಾ ಅಂತ ಇನ್ನೊಂದು, ತಲೆಗೆ ತಂತಿ ಅಂಟಿಸಿ ಮಗು ನಿದ್ದೆಯಲ್ಲಿದ್ದಾಗ ಮಾಡುತ್ತಾರೆ. ಎರಡರಲ್ಲೂ ಸೂಜಿ ಇಲ್ಲ, ನೋವಿಲ್ಲ.

ಆಮೇಲೆ ಸೈಕಾಲಜಿಸ್ಟ್ ಮಗುವಿನ ಜೊತೆ ಆಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಆಟವೇ. 30 ತಿಂಗಳ ತನಕದ ಮಕ್ಕಳಿಗೆ ನಮ್ಮಲ್ಲಿ ಜಾಸ್ತಿ ಬಳಸುವುದು ಡಾಸಿ ಅನ್ನುವ ಬೆಳವಣಿಗೆಯ ಮಾಪನ. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಅವರು ಭಾರತದ ಮಕ್ಕಳಿಗೆ ಹೊಂದಿಸಿ ರೂಪಿಸಿದ್ದು. ಕೈಕಾಲಿನ ಚಲನೆಗೆ 67 ಅಂಶ, ಬುದ್ಧಿ ಮತ್ತು ಭಾಷೆಗೆ 163 ಅಂಶ. ಗಂಟೆ, ಮರದ ತುಂಡು, ಬಟ್ಟಲು, ಆಕಾರ ಕೂಡಿಸುವ ಹಲಗೆ, ಇಂಥವು. ಎಲ್ಲವನ್ನೂ ಕೇಳುವುದಿಲ್ಲ, ಮಗುವಿನ ವಯಸ್ಸಿನ ಹಿಂದೆ ಮುಂದೆ ಇರುವುದನ್ನು ಮಾತ್ರ ನೋಡುತ್ತಾರೆ. ಕೊನೆಗೆ ಡಿಕ್ಯೂ ಅಂತ ಒಂದು ಅಂಕಿ ಬರುತ್ತದೆ. 20 ತಿಂಗಳ ಮಗು 15 ತಿಂಗಳ ಮಗುವಿನಷ್ಟು ಮಾಡಿದರೆ 75. ಅದು 70ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ವಿಳಂಬ ಅನ್ನುತ್ತಾರೆ. ಇದು ಐಕ್ಯೂ ಅಲ್ಲ. ಮಗು ಹಸಿದಿದ್ದರೆ, ಹೆದರಿದ್ದರೆ, ಜ್ವರ ಬಂದು ಎದ್ದಿದ್ದರೆ ಕಡಿಮೆ ಬರುತ್ತದೆ. ಮುಂದೆ ಬದಲಾಗುತ್ತದೆ.

ಎಂ-ಚಾಟ್ ಅಂತ 20 ಪ್ರಶ್ನೆಯ ಪಟ್ಟಿಯೂ ಇರುತ್ತದೆ. ಅದು 16ರಿಂದ 30 ತಿಂಗಳ ಮಕ್ಕಳಿಗೆ, ಆಟಿಸಂ (ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವ ಸ್ಥಿತಿ) ಅನುಮಾನ ಇದೆಯಾ ಅಂತ ನೋಡೋಕೆ. ನಿಮ್ಮ ಬರಹದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ ಅಂದಿರಿ. ಬೆರಳು ತೋರಿಸುತ್ತಾನಾ? ಬೇಕಾದದ್ದಕ್ಕೆ ತೋರಿಸುವುದು ಒಂದು. ಆಕಾಶದಲ್ಲಿ ವಿಮಾನ ಹೋದರೆ "ನೋಡು" ಅನ್ನುವ ಹಾಗೆ ನಿಮ್ಮ ಮುಖ ನೋಡಿ ತೋರಿಸುವುದು ಇನ್ನೊಂದು. ಎರಡನ್ನೂ ಗಮನಿಸಿ, ಅಲ್ಲಿ ಕೇಳುತ್ತಾರೆ.

ಶಾಲೆಯ ಬಗ್ಗೆ ಭಯ ಬೇಡ. ಆಟಿಸಂ ಸರ್ಟಿಫಿಕೇಟಿಗೆ ಬಳಸುವ ಇಸಾ ಅನ್ನುವ ಮಾಪನ ಶುರುವಾಗುವುದೇ 3 ವರ್ಷದ ಮೇಲೆ. 5 ವರ್ಷದೊಳಗಿನ ಮಕ್ಕಳಿಗೆ ಬುದ್ಧಿಮಾಂದ್ಯ ಅಂತ ಬರೆಯುವುದೂ ಇಲ್ಲ, ಬೆಳವಣಿಗೆಯ ವಿಳಂಬ ಅಂತ ಮಾತ್ರ ಬರೆಯುತ್ತಾರೆ. ಪರೀಕ್ಷೆಯ ಕಾಗದ ನಿಮ್ಮ ಕೈಯಲ್ಲಿರುತ್ತದೆ.

ಮೊಮ್ಮಕ್ಕಳ_ಅಜ್ಜಿ (ಮಂಡ್ಯ)

ಮಗಳೇ, ನಿಮ್ಮ ಅತ್ತೆಯ ಮೇಲೆ ಸಿಟ್ಟಾಗಬೇಡ. ನಮ್ಮ ಕಾಲದಲ್ಲಿ ಯಾರೂ ಗಮನಿಸುತ್ತಿರಲಿಲ್ಲ ಅಂತಲ್ಲ. ಕತ್ತು ನಿಂತಿತಾ, ಬೋರಲು ಬಿತ್ತಾ, ತಪ್ಪು ಹೆಜ್ಜೆ ಇಟ್ಟಿತಾ ಅಂತ ಓಣಿಯ ಹೆಂಗಸರೆಲ್ಲ ಲೆಕ್ಕ ಇಡುತ್ತಿದ್ದರು. ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಪೂಜೆ ಮಾಡಿ ಸಿಹಿ ಹಂಚುತ್ತಿದ್ದೆವು. ತಡವಾದ ಮಗುವಿಗೆ ಏನು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ, ಅಷ್ಟೇ. ದೇವರಿಗೆ ಹರಕೆ, ನಾಲಿಗೆಗೆ ಬಜೆ.

ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗು. ಮಗುವಿನ ಜೊತೆ ದಿನವೆಲ್ಲ ಇರುವವರು ಅವರು. ಡಾಕ್ಟರ್ ಪ್ರಶ್ನೆಗೆ ನಿನಗಿಂತ ಚೆನ್ನಾಗಿ ಉತ್ತರ ಕೊಡಬಹುದು. "ಅತ್ತೆ, ನೀವಿಲ್ಲದೆ ನನಗೆ ಗೊತ್ತಾಗಲ್ಲ, ಬನ್ನಿ" ಅಂದು ನೋಡು.

ಅಂದಹಾಗೆ ಬಜೆ ತೇಯ್ದು ಜೇನಿನಲ್ಲಿ ಹಚ್ಚಬಹುದಾ ಈಗ? ನನ್ನ ಮೊಮ್ಮಗಳಿಗೆ 9 ತಿಂಗಳು, ನಮ್ಮನೆಯಲ್ಲಿ ಕೇಳುತ್ತಿದ್ದಾರೆ.

ಮಾತಿನ_ಮೇಡಂ

ಬೇಡ ಅಮ್ಮ. ಒಂದು ವರ್ಷ ತುಂಬುವ ತನಕ ಜೇನು ಕೊಡಲೇಬಾರದು, ಬಾಟ್ಯುಲಿಸಂ ಅನ್ನುವ ವಿಷದ ಅಪಾಯ ಇದೆ. ಬಜೆಯಲ್ಲಿ ಬೀಟಾ-ಅಸರೋನ್ ಅಂತ ಒಂದು ಅಂಶ ಇದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದರಿಂದ ಗಡ್ಡೆ ಬಂದಿತ್ತು, ಅಮೆರಿಕದಲ್ಲಿ ಆಹಾರಕ್ಕೆ ಸೇರಿಸುವುದನ್ನು 1968ರಲ್ಲೇ ನಿಲ್ಲಿಸಿದರು. ನಾಲಿಗೆಗೆ ಬಜೆ ಹಚ್ಚಿದ್ದರಿಂದ ಮಾತು ಬಂತು ಅನ್ನೋಕೆ ಆಧಾರ ಇಲ್ಲ. ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದೆ ಅನ್ನುವವರೂ ಇದ್ದಾರೆ. ದಾರ ಗಿಡ್ಡವಿದ್ದರೆ ಕೆಲವು ಅಕ್ಷರ ಸ್ಪಷ್ಟವಾಗದೇ ಇರಬಹುದು. ಮಾತೇ ಇಲ್ಲದಿರುವುದಕ್ಕೆ ಅದು ಕಾರಣವಲ್ಲ.

ಅತ್ತೆಯನ್ನು ಕರೆದುಕೊಂಡು ಹೋಗಿ ಅಂದಿರಲ್ಲ, ಅದನ್ನು ನಾನು ಎಲ್ಲರಿಗೂ ಹೇಳಬೇಕು.

ಸಂಶಯ_ಸಿದ್ದ (ಬೆಂಗಳೂರು)

ಎಲ್ಲರೂ "ಹೋಗಿ ಹೋಗಿ" ಅನ್ನುತ್ತಿದ್ದೀರಿ. ಇನ್ನೊಂದು ಕಡೆಯನ್ನೂ ಕೇಳಿ. ನಮ್ಮ ಮಗಳಿಗೆ ಎರಡು ವರ್ಷ ಆಗಿದ್ದಾಗ ಮನೆ ಹತ್ತಿರದ ಒಂದು ಥೆರಪಿ ಸೆಂಟರಿಗೆ ಹೋದೆವು. ಹೆಸರು ಬೇಡ. ಒಂದು ಗಂಟೆಯೂ ನೋಡಲಿಲ್ಲ, "ಆಟಿಸಂ ಲಕ್ಷಣ" ಅಂತ ಕಾಗದ ಬರೆದರು. ಅದೇ ಮೇಜಿನ ಮೇಲೆ ಮೂರು ತಿಂಗಳ ಪ್ಯಾಕೇಜ್, ಮುಂಗಡ ಕಟ್ಟಿದರೆ ರಿಯಾಯಿತಿ. ಕಿವಿ ಪರೀಕ್ಷೆಯ ಮಾತೇ ಇಲ್ಲ. ಆಮೇಲೆ ನಿಮ್ಹಾನ್ಸ್‌ಗೆ ಹೋದೆವು, ಅಲ್ಲಿ ಮಾತಿನ ವಿಳಂಬ ಮಾತ್ರ ಅಂದರು. ಈಗ ಅವಳಿಗೆ ಐದು ವರ್ಷ, ಬಾಯಿಗೆ ಬೀಗ ಇಲ್ಲ.

ಒಬ್ಬ ಪರಿಚಿತರಿಗೆ ಮಗುವಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿ ಅಂತ ಲಕ್ಷಗಟ್ಟಲೆ ಕೇಳಿದ್ದರು. ಭಯದಲ್ಲಿರುವ ತಂದೆ ತಾಯಿ ಏನು ಕೇಳಿದರೂ ಕೊಡುತ್ತಾರೆ, ಅದು ಅವರಿಗೂ ಗೊತ್ತು. ಹಾಗಾಗಿ ನಾನು ಹೇಳುವುದು: ಸ್ವಲ್ಪ ಕಾಯಿರಿ. ಎಲ್ಲ ಮಗುವೂ ಒಂದೇ ಥರ ಬೆಳೆಯಲ್ಲ, ಅಲ್ವಾ?

ಫಿಸಿಯೋ_ಶಿವಮೊಗ್ಗ

ಸಿದ್ದ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನಿಮ್ಮ ಮಗಳಿಗೆ ಉತ್ತರ ಸಿಕ್ಕಿದ್ದು ಕಾದದ್ದರಿಂದ ಅಲ್ಲ, ಇನ್ನೊಂದು ಕಡೆ ಸರಿಯಾಗಿ ಪರೀಕ್ಷೆ ಮಾಡಿಸಿದ್ದರಿಂದ.

ಯಾರಿಗೇ ಆಗಲಿ, ಖಾಸಗಿ ಸೆಂಟರಿಗೆ ಹೋದರೆ ಎರಡು ವಿಷಯ ಕೇಳಿ. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಇವರಿಗೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಿಆರ್‌ಆರ್ ನಂಬರ್ ಅನ್ನುತ್ತಾರೆ. ಗೋಡೆಯ ಮೇಲೆ ಇಲ್ಲದಿದ್ದರೆ ಕೇಳಿ, ನಾಚಿಕೆ ಬೇಡ. ನಮ್ಮಂಥ ಫಿಸಿಯೋಗಳಿಗೆ ಅದು ಅನ್ವಯಿಸುವುದಿಲ್ಲ, ನಮ್ಮ ಡಿಗ್ರಿ ಕೇಳಿ. ಎರಡನೆಯದು, ಯಾವ ಪರೀಕ್ಷೆ ಮಾಡಿದಿರಿ, ಅದರ ಹೆಸರೇನು, ಅಂಕ ಎಷ್ಟು. ಹೆಸರಿಲ್ಲದ ಪರೀಕ್ಷೆಗೆ ಬೆಲೆ ಇಲ್ಲ. ಇನ್ನು ಆಟಿಸಂಗೆ ಸ್ಟೆಮ್ ಸೆಲ್ ಬೇಡ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಾರಾದರೂ ಮಾತೆತ್ತಿದರೆ ಎದ್ದು ಬನ್ನಿ.

"ಎಲ್ಲ ಮಗುವೂ ಒಂದೇ ಥರ ಅಲ್ಲ" ಅನ್ನುವುದು ಸತ್ಯ. ಅದಕ್ಕೂ ಒಂದು ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯೂ ಸೇರಿ ಬೇರೆ ಬೇರೆ ದೇಶದ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಅಳತೆ ಕೊಟ್ಟಿತು. ಸ್ವತಂತ್ರವಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳ ತನಕ. ನೋಡಿ, ಎಷ್ಟು ಅಗಲ! ಪಕ್ಕದ ಮನೆ ಮಗು ಹತ್ತು ತಿಂಗಳಿಗೇ ನಡೆಯಿತು ಅಂತ ಕೊರಗಬೇಕಿಲ್ಲ. ಸುಮಾರು 4% ಮಕ್ಕಳು ಅಂಬೆಗಾಲೇ ಇಡದೆ ನಡೆದರು. ಆದರೆ 18 ತಿಂಗಳಿಗೂ ನಡೆಯದಿದ್ದರೆ ತೋರಿಸಲೇಬೇಕು.

ನನ್ನ ಹತ್ತಿರ ತಡವಾಗಿ ಬರುವವರು ಯಾರು ಗೊತ್ತಾ? ಎಡಗೈ ಕೂಸುಗಳು. ಎಂಟು ತಿಂಗಳಿಗೆ ಎಲ್ಲದಕ್ಕೂ ಎಡಗೈ ಚಾಚುತ್ತದೆ, ಬಲಗೈ ಮುಷ್ಟಿ ಬಿಗಿದಿರುತ್ತದೆ, ಮನೆಯವರಿಗೆ "ಎಡಚ" ಅಂತ ಖುಷಿ. ಒಂದು ವರ್ಷದೊಳಗೆ ಮಗು ಎರಡೂ ಕೈ ಬಳಸಬೇಕು. ಒಂದೇ ಕೈ ಬಳಸಿದರೆ ಇನ್ನೊಂದು ಕೈಯಲ್ಲಿ ಬಲ ಇಲ್ಲದಿರಬಹುದು. ವಾಕರ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದರಿಂದ ಬೇಗ ನಡೆಯುವುದಿಲ್ಲ, ಮೆಟ್ಟಿಲಿಂದ ಬೀಳುವುದು ಮಾತ್ರ ಖಚಿತ. ಕೆನಡಾ 2004ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಇನ್ನೂ ನಾಮಕರಣಕ್ಕೆ ಉಡುಗೊರೆ.

ಚಿಕ್ಕೋಡಿ_ಅವ್ವ

ಮಧ್ಯ ಬಂದು ಕೇಳ್ತಿದೀನಿ, ಕ್ಷಮಿಸಿ ರೀ. ನಮ್ಮ ಕೂಸಿಗೆ ಆರು ತಿಂಗಳು. ನಿದ್ದೆಯಿಂದ ಎದ್ದ ಕೂಡಲೇ ಎರಡೂ ಕೈ ಮುಂದೆ ಚಾಚಿ ತಲೆ ಬಗ್ಗಿಸ್ತದ, ಸಲಾಂ ಹೊಡೆದಂಗ. ಒಂದರ ಹಿಂದ ಒಂದು, ಹತ್ತು ಹದಿನೈದು ಸಲ. ಆಮೇಲೆ ಅಳ್ತದ. ಗ್ಯಾಸ್ ಆಗಿದೆ ಅಂತ ಓಮದ ನೀರು ಹಾಕ್ತಿದಾರೆ. ಮೊದಲು ನಗ್ತಿತ್ತು, ಈಗ ನಗು ಕಡಿಮೆ ಆಗಿದೆ. ಇದೂ ಬೆಳವಣಿಗೆ ಪರೀಕ್ಷೆಗೆ ಬರ್ತದಾ?

ಫಿಸಿಯೋ_ಶಿವಮೊಗ್ಗ

ಅಕ್ಕಾ, ಡಿಇಐಸಿ ಸರದಿಗೆ ಕಾಯಬೇಡಿ. ಇವತ್ತೇ ಮಕ್ಕಳ ಡಾಕ್ಟರ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಮುಂದಿನ ಸಲ ಹಾಗೆ ಮಾಡಿದಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಡಾಕ್ಟರಿಗೆ ಅದನ್ನೇ ಮೊದಲು ತೋರಿಸಿ. ಎದ್ದ ಕೂಡಲೇ ಸಾಲಾಗಿ ಬರುವುದು, ನಗು ಕಡಿಮೆಯಾಗುವುದು, ಇದು ಶಿಶುಗಳಿಗೆ ಬರುವ ಒಂದು ಬಗೆಯ ಫಿಟ್ಸ್ ಇರಬಹುದು. ಇಇಜಿ ಅಂತ ಮಿದುಳಿನ ಅಲೆಗಳ ಪರೀಕ್ಷೆ ಮಾಡಿ ನೋಡುತ್ತಾರೆ. ಔಷಧಿ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಅಲ್ಲದೇ ಇದ್ದರೆ ಸಂತೋಷ, ಹೋಗಿ ಬಂದದ್ದು ನಷ್ಟವಲ್ಲ.

ಬೇರೆಯವರಿಗೂ ಹೇಳುತ್ತೇನೆ. ಕಲಿತದ್ದನ್ನು ಮಗು ಮರೆತರೆ, ಬರುತ್ತಿದ್ದ ನಗು, ಮಾತು, ಕೂರುವುದು ಹೋದರೆ, ಯಾವ ವಯಸ್ಸೇ ಇರಲಿ, "ನೋಡೋಣ" ಅನ್ನಬೇಡಿ.

ಚಿಕ್ಕೋಡಿ_ಅವ್ವ

ಬೆಳಗಾವಿಗೆ ಹೊರಟೀವಿ. ವಿಡಿಯೋ ಸಿಕ್ಕಿದೆ.

ಎರಡು_ಮಕ್ಕಳ_ತಾಯಿ (ಉಡುಪಿ)

ನಗು ಹೋದದ್ದು ಓದಿ ಮೈ ಜುಂ ಅಂದಿತು. ನಮ್ಮ ದೊಡ್ಡವನಿಗೂ ಹಾಗೇ ಆಗಿತ್ತು, ಆದರೆ ಕಾರಣ ಬೇರೆ. ಒಂಬತ್ತನೇ ತಿಂಗಳಿಗೆ ಮಂಕಾದ, ಕೂರುತ್ತಿದ್ದವನು ಕೂರುವುದು ಬಿಟ್ಟ, ಬೆರಳ ಗೆಣ್ಣು ಕಪ್ಪಾಯಿತು. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ನಾನು ಶುದ್ಧ ಸಸ್ಯಾಹಾರಿ, ಹಾಲು ಮೊಸರೂ ನನಗೆ ಸೇರುತ್ತಿರಲಿಲ್ಲ. ನನ್ನಲ್ಲೇ ಇಲ್ಲದ್ದು ಎದೆಹಾಲಿನಲ್ಲಿ ಎಲ್ಲಿಂದ ಬರಬೇಕು? ಇಂಜೆಕ್ಷನ್ ಕೊಟ್ಟ ಕೆಲವೇ ದಿನದಲ್ಲಿ ಮುಖದಲ್ಲಿ ಕಳೆ ಬಂತು. ಪೂರ್ತಿ ಸರಿಯಾಗೋಕೆ ಮಾತ್ರ ಸಮಯ ಹಿಡಿಯಿತು.

ಸೂಜಿ ಇರುತ್ತಾ ಅಂತ ಕೇಳಿದ್ದಿರಿ. ಡಾಕ್ಟರಿಗೆ ಅನುಮಾನ ಬಂದರೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡೋಕೆ ರಕ್ತ ತೆಗೆಯಬಹುದು. ಮಾಡಿಸಿ. ಔಷಧಿಯಿಂದಲೇ ಸರಿಯಾಗುವ ಕಾರಣ ಇದ್ದರೆ ಅದನ್ನು ಬಿಡುವುದು ಯಾಕೆ?

ಎನ್‌ಐಸಿಯು_ಅಪ್ಪ (ಹುಬ್ಬಳ್ಳಿ)

ನೋಡ್ರಿ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. ನಮ್ಮ ಮಗಳು 30 ವಾರಕ್ಕೆ ಹುಟ್ಟಿದಳು. ಒಂಬತ್ತು ತಿಂಗಳಾದರೂ ಕೂರುತ್ತಿರಲಿಲ್ಲ ಅಂತ ಮನೆ ಮಂದಿಯೆಲ್ಲ ಕಂಗಾಲು. ಫಾಲೋಅಪ್ ಕ್ಲಿನಿಕ್ಕಿನಲ್ಲಿ ಕ್ಯಾಲೆಂಡರ್ ತೆಗೆದು ತೋರಿಸಿದರು: 40ರಲ್ಲಿ 30 ಕಳೆದರೆ 10 ವಾರ, ಅಂದರೆ ಎರಡೂವರೆ ತಿಂಗಳಿಗೆ ಸ್ವಲ್ಪ ಕಡಿಮೆ. ಒಂಬತ್ತರಲ್ಲಿ ಅದನ್ನು ಕಳೆಯಿರಿ. ಮಗು ಈಗ ಆರೂವರೆ ತಿಂಗಳಿನದು ಅಂತ ತಿಳಿಯಿರಿ ಅಂದರು. ಎರಡು ವರ್ಷದ ತನಕ ಹೀಗೇ ಕಳೆದು ನೋಡುತ್ತಾರೆ. ಲಸಿಕೆಗೆ ಮಾತ್ರ ಹುಟ್ಟಿದ ತಾರೀಖೇ ಲೆಕ್ಕ, ಅದನ್ನು ಹಿಂದೆ ಹಾಕಬಾರದು.

ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. 2 ಕೆಜಿಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಕೂಸಿಗೆ ತಿಂಗಳು ತುಂಬುವುದರೊಳಗೆ ಕಣ್ಣಿನ ರೆಟಿನಾ ನೋಡಿಸಬೇಕು. ಇಂಥ ಮಕ್ಕಳ ರೆಟಿನಾಗೆ ಬರುವ ತೊಂದರೆಗೆ ಆರ್‌ಒಪಿ ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ತಂಡ ಕ್ಯಾಮೆರಾ ಹಿಡಿದು ಜಿಲ್ಲೆಯ ಆಸ್ಪತ್ರೆಗಳಿಗೇ ಹೋಗಿ ನೋಡುತ್ತದೆ. ತಡವಾದರೆ ದೃಷ್ಟಿಯೇ ಹೋಗಬಹುದು. ಡಿಸ್ಚಾರ್ಜ್ ಆಗುವಾಗ ಕೇಳಿಯೇ ಬನ್ನಿ.

ಆಸ್ಟಿನ್_ಅಮ್ಮ (ಟೆಕ್ಸಸ್)

ಹೊರಗಿರುವ ಕನ್ನಡಿಗರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಇಲ್ಲಿ 3 ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್ವೆನ್ಷನ್ ಅಂತ ಕೇಂದ್ರ ಸರ್ಕಾರದ ಕಾನೂನೇ ಇದೆ. ಡಾಕ್ಟರ್ ಚೀಟಿ ಬೇಕಿಲ್ಲ, ತಾಯಿಯೇ ಫೋನ್ ಮಾಡಬಹುದು. ಮೌಲ್ಯಮಾಪನಕ್ಕೆ ದುಡ್ಡಿಲ್ಲ. 45 ದಿನದೊಳಗೆ ಪರೀಕ್ಷೆ ಮುಗಿಸಿ ಯೋಜನೆಯ ಸಭೆ ಕರೆಯಬೇಕು. ಎಷ್ಟು ವಿಳಂಬ ಇದ್ದರೆ ಸೇವೆ ಸಿಗುತ್ತದೆ ಅನ್ನುವುದು ರಾಜ್ಯಕ್ಕೊಂದು ಥರ. ಟೆಕ್ಸಸ್‌ನಲ್ಲಿ 25%. ಮಾತಾಡುವುದರಲ್ಲಿ ಮಾತ್ರ ಹಿಂದಿದ್ದರೆ 33% ಕೇಳುತ್ತಾರೆ. 3 ವರ್ಷ ತುಂಬಿದ ಮೇಲೆ ಶಾಲಾ ಜಿಲ್ಲೆಯ ಜವಾಬ್ದಾರಿ.

ಮನೆಗೇ ಬಂದು ನೆಲದ ಮೇಲೆ ಕೂತು ಆಡಿಸಿದರು. ಮಗ ಎಷ್ಟು ಪದ ಹೇಳುತ್ತಾನೆ ಅಂದಾಗ ನಾನು ಇಂಗ್ಲಿಷ್ ಪದಗಳನ್ನು ಮಾತ್ರ ಹೇಳಿದೆ. ಅವರೇ ತಡೆದು, ಮನೆಯ ಭಾಷೆಯದ್ದನ್ನೂ ಹೇಳಿ ಅಂದರು. "ಬೇಡ", "ಚಿಚ್ಚಿ", "ಬೌ ಬೌ", "ಅಜ್ಜಿ" ಎಲ್ಲ ಲೆಕ್ಕಕ್ಕೆ ಬಂತು. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಿದವರು ನಮ್ಮ ಬಳಗದಲ್ಲೇ ಇದ್ದಾರೆ. ದಯವಿಟ್ಟು ನಿಲ್ಲಿಸಬೇಡಿ. ಎರಡು ಭಾಷೆಯಿಂದ ವಿಳಂಬ ಬರುವುದಿಲ್ಲ. ನಮ್ಮ ಅಮ್ಮ ವಿಡಿಯೋ ಕಾಲಿನಲ್ಲಿ ಹಾಡುವ ಶಿಶುಗೀತೆಯನ್ನು ಥೆರಪಿಸ್ಟ್ ತಮ್ಮ ಪಾಠಕ್ಕೇ ಸೇರಿಸಿಕೊಂಡರು.

ಸಂಶಯ_ಸಿದ್ದ

ಸರಿ, ಸಿಆರ್‌ಆರ್ ನಂಬರ್ ವಿಷಯ ಗೊತ್ತಿರಲಿಲ್ಲ. ಆ ಸೆಂಟರಿನ ಕಾಗದ ತೆಗೆದು ನೋಡಿದೆ. ಸಹಿ ಇದೆ, ನಂಬರ್ ಇಲ್ಲ, ಪರೀಕ್ಷೆಯ ಹೆಸರೂ ಇಲ್ಲ. ಆದರೂ ಕೇಳುತ್ತೇನೆ: ಈ ಪ್ರಶ್ನೆಪಟ್ಟಿಗಳು ಸುಮ್ನೆ ಎಲ್ಲರನ್ನೂ ಹೆದರಿಸುವುದಿಲ್ಲವಾ? ಎಷ್ಟು ನಂಬಬಹುದು?

ಮಾತಿನ_ಮೇಡಂ

ಒಳ್ಳೆಯ ಪ್ರಶ್ನೆ. ಎಂ-ಚಾಟ್ ಅನ್ನೇ ತೆಗೆದುಕೊಳ್ಳಿ. ಮೊದಲ ಸುತ್ತಿನಲ್ಲಿ ಬೇಕಾದಷ್ಟು ಮಕ್ಕಳು ಸಿಕ್ಕಿಬೀಳುತ್ತಾರೆ. ಅದಕ್ಕೇ 3ರಿಂದ 7 ಅಂಕ ಬಂದರೆ ಎರಡನೇ ಸುತ್ತು ಇದೆ. ತಪ್ಪಿದ ಪ್ರಶ್ನೆಗಳನ್ನು ಬಿಡಿಸಿ, ಉದಾಹರಣೆ ಕೊಟ್ಟು ಕೇಳಬೇಕು. ಅಲ್ಲಿ ತುಂಬ ಮಕ್ಕಳು ಹೊರಗೆ ಬರುತ್ತಾರೆ. 2014ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಬಂತು. ಎರಡನೇ ಸುತ್ತಿನ ನಂತರವೂ ಉಳಿದು ಪರೀಕ್ಷೆಗೆ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಆಟಿಸಂ ಇತ್ತು. ಆಟಿಸಂ ಇದ್ದವರನ್ನೂ ಸೇರಿಸಿ ಸುಮಾರು 95% ಮಕ್ಕಳಿಗೆ ಬೆಳವಣಿಗೆಯಲ್ಲಿ ಏನೋ ಒಂದು ಗಮನಿಸಬೇಕಾದದ್ದು ಇತ್ತು. ನಮ್ಮಲ್ಲಿ ಸಮಯ ಇಲ್ಲ ಅಂತ ಎರಡನೇ ಸುತ್ತು ಬಿಟ್ಟುಬಿಡುತ್ತಾರೆ. ನನ್ನ ತಕರಾರು ಅಲ್ಲಿದೆ. ಮೊದಲ ಅಂಕ ಹೇಳಿ ಕಳಿಸಿದರೆ "ಫಾಲೋಅಪ್ ಪ್ರಶ್ನೆ ಕೇಳಿದ್ರಾ?" ಅಂತ ನೀವೇ ಕೇಳಿ.

ಪುಟ್ಟನಮ್ಮ (ಅರಸೀಕೆರೆ)

ಹೋಗಿ ಬಂದೆವು. ಅತ್ತೆಯೂ ಬಂದಿದ್ದರು, ಯಜಮಾನರೂ ರಜೆ ಹಾಕಿ ಬಂದರು. ಮಂಡ್ಯದ ಅಮ್ಮ ಹೇಳಿದ್ದು ನಿಜ, ಅರ್ಧ ಪ್ರಶ್ನೆಗೆ ಅತ್ತೆಯೇ ಉತ್ತರ ಕೊಟ್ಟರು. ಬೆರಳು ತೋರಿಸುತ್ತಾನಾ ಅಂದಾಗ "ಓ ತೋರಿಸ್ತಾನೆ" ಅಂದರು. "ಹೇಗೆ ತೋರಿಸ್ತಾನೆ, ನೀವು ಮಾಡಿ ತೋರಿಸಿ" ಅಂದರು ಸೈಕಾಲಜಿಸ್ಟ್. ಅತ್ತೆ ಪೂರ್ತಿ ಕೈ ಚಾಚಿದರು. ಆಮೇಲೆ ಸುಮ್ಮನಾದರು.

ಕಿವಿ ನೋಡಿದರು. ಇಂಪಿಡೆನ್ಸ್ ಅನ್ನುವ ಪರೀಕ್ಷೆಯಲ್ಲಿ ಎರಡೂ ಕಿವಿಯ ಪರದೆ ಹಿಂದೆ ನೀರು ನಿಂತಿದೆ ಅಂತ ಬಂತು. ಇಎನ್‌ಟಿ ಡಾಕ್ಟರು ಮೂರು ತಿಂಗಳು ನೋಡೋಣ, ಅನೇಕ ಮಕ್ಕಳಿಗೆ ತಾನಾಗಿ ಹೋಗುತ್ತದೆ, ಆಗ ಮತ್ತೆ ಪರೀಕ್ಷಿಸೋಣ ಅಂದರು. ಬೇರಾಗೂ ಹೇಳಿದ್ದಾರೆ, ಅದಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಟ್ಟಿದ್ದಾರೆ. ಡಾಸಿಯಲ್ಲಿ ಚಲನೆ ಸರಿ ಇದೆ, ಭಾಷೆಯಲ್ಲಿ ಹಿಂದೆ. ಎಂ-ಚಾಟ್ ಮೊದಲು 6, ಫಾಲೋಅಪ್ ಪ್ರಶ್ನೆ ಕೇಳಿದ ಮೇಲೆ 3. ಮೈಸೂರಿನಲ್ಲೇ ಪೂರ್ತಿ ಮೌಲ್ಯಮಾಪನ ಮಾಡಿಸಿ ಅಂದರು. ಮನೆಯಲ್ಲಿ ಮಾಡೋಕೆ ಕೆಲವು ಆಟ ಹೇಳಿಕೊಟ್ಟರು.

ಈಗ ಅತ್ತೆಗೆ ಸಮಾಧಾನ. "ನೋಡು, ಕಿವೀದೇ ತೊಂದರೆ, ನೀರು ಹೋದರೆ ಮಾತು ಬರುತ್ತೆ, ಮೈಸೂರು ಯಾಕೆ" ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತಿದೆ. ಮೂರು ತಿಂಗಳು ಕಾದು ಆಮೇಲೆ ಹೋಗಲಾ?

ಮಾತಿನ_ಮೇಡಂ

ಕಿವಿಯಲ್ಲಿ ನೀರಿದ್ದರೆ ಮಾತು ತಡವಾಗಬಹುದು, ಖಂಡಿತ. ಆದರೆ ಬೆರಳು ತೋರಿಸೋಕೆ ಕಿವಿ ಬೇಡ. ಪೂರ್ತಿ ಕಿವುಡಿರುವ ಮಕ್ಕಳೂ ಅಮ್ಮನ ಮುಖ ನೋಡಿ, ಬೆರಳು ತೋರಿಸಿ, ಕೈಸನ್ನೆಯಲ್ಲೇ ಮನೆಯನ್ನು ಆಳುತ್ತಾರೆ. ಎರಡನೇ ಸುತ್ತಿನಲ್ಲಿ 2 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದಿನ ಪರೀಕ್ಷೆಗೆ ಕಳಿಸುವುದೇ ನಿಯಮ. ನಿಮ್ಮ ಮಗನಿಗೆ 3. ಹಾಗಾಗಿ ಕಿವಿಯ ಕಾರಣ ಸಿಕ್ಕಿತು ಅಂತ ಉಳಿದದ್ದನ್ನು ನಿಲ್ಲಿಸಬೇಡಿ. ಎರಡೂ ಇರಬಹುದು, ಒಂದೇ ಇರಬಹುದು.

ಮನೆಯ ಆಟಕ್ಕೂ ಯಾವ ಕಾಯಿಲೆಯ ಹೆಸರೂ ಬೇಕಿಲ್ಲ. ಅವನ ಮುಖದ ಎದುರು ಕೂತು ಮಾತಾಡಿ, ಹತ್ತಿರದಿಂದ, ಸ್ವಲ್ಪ ಜೋರಾಗಿ. ಬಿಸ್ಕತ್ತಿನ ಡಬ್ಬಿ ಎತ್ತರದಲ್ಲಿಟ್ಟು ಕೇಳುವ ತನಕ ಕಾಯಿರಿ. ಕೈ ಎಳೆದರೆ ಅವನ ತೋರುಬೆರಳು ಹಿಡಿದು ತೋರಿಸಿ, "ಬೇಕು" ಅಂತ ನೀವು ಹೇಳಿ, ಕೊಡಿ. ಊಟದ ಹೊತ್ತಿಗೆ ಫೋನ್ ಬೇಡ. 2 ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಅಂತ ನಮ್ಮ ಮಕ್ಕಳ ಡಾಕ್ಟರುಗಳ ಸಂಘವೂ ಹೇಳುತ್ತದೆ. ದೂರದ ಅಜ್ಜಿಯ ವಿಡಿಯೋ ಕಾಲ್ ಪರವಾಗಿಲ್ಲ.

ಸಂಶಯ_ಸಿದ್ದ

ಪುಟ್ಟನಮ್ಮ ಅವರೇ, "ಕಾಯಿರಿ" ಅಂದವನು ನಾನೇ. ಆದರೆ ಎರಡನೇ ಸುತ್ತನ್ನೂ ಮುಗಿಸಿ, ಅಂಕ ಹೇಳಿ, ಸರ್ಕಾರಿ ಸಂಸ್ಥೆಗೇ ಕಳಿಸಿದ್ದಾರೆ. ಯಾರೂ ಪ್ಯಾಕೇಜ್ ಮಾರುತ್ತಿಲ್ಲ. ನಾನಾಗಿದ್ದರೆ ಹೋಗುತ್ತಿದ್ದೆ.

ಎನ್‌ಐಸಿಯು_ಅಪ್ಪ (ಹುಬ್ಬಳ್ಳಿ)

ಇಂಥ ಕಡೆ ಮೌಲ್ಯಮಾಪನದ ಸರದಿಯೇ ಉದ್ದ ಇರ್ತದ್ರಿ. ಈಗ ಹೆಸರು ಬರೆಸಿದರೆ ಕಿವಿ ಮರುಪರೀಕ್ಷೆಯ ಹೊತ್ತಿಗೆ ನಿಮ್ಮ ಸರದಿ ಬರಬಹುದು. ಮೂರು ತಿಂಗಳು ಬಿಟ್ಟು ಬರೆಸಿದರೆ ಸರದಿ ಅಲ್ಲಿಂದ ಶುರು.

ಪುಟ್ಟನಮ್ಮ (ಅರಸೀಕೆರೆ)

ಸರಿ, ಮುಂದಿನ ವಾರ ಹೋಗುತ್ತೇವೆ. ಬೇರಾಗೆ ಮಗು ನಿದ್ದೆ ಮಾಡಲೇಬೇಕಾ? ಇವನು ಹೊಸ ಜಾಗದಲ್ಲಿ ಕಣ್ಣೇ ಮುಚ್ಚುವುದಿಲ್ಲ.

ಆಟೋ_ಅಣ್ಣ (ಮೈಸೂರು)

ನಮ್ಮ ಮಗಳಿಗೆ ಮಾನಸಗಂಗೋತ್ರಿಯ ಅದೇ ಸಂಸ್ಥೆಯಲ್ಲಿ ಮಾಡಿಸಿದ್ದು. ನಿದ್ದೆ ಬೇಕೇ ಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ. ರೈಲಿನಲ್ಲಿ ಮಲಗೋಕೆ ಬಿಡಬೇಡಿ, ಅದೇ ಕಷ್ಟ, ಅರಸೀಕೆರೆಯಿಂದ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಾರೆ. ಆಗಲೇ ಇಲ್ಲ ಅಂದರೆ ಡಾಕ್ಟರ್ ನೋಡಿ ನಿದ್ದೆಯ ಸಿರಪ್ ಕೊಡುತ್ತಾರೆ. ಶೀತ ಕೆಮ್ಮು ಇದ್ದರೆ ಮೊದಲೇ ಹೇಳಿ. ತಲೆಗೆ ಎಣ್ಣೆ ಹಾಕಬೇಡಿ, ತಂತಿ ಅಂಟುವುದಿಲ್ಲ. ಹೊದಿಕೆ, ಹಾಲಿನ ಲೋಟ ಮನೆಯದ್ದೇ ತನ್ನಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಕಾಗದ, ಆಧಾರ್ ಇಟ್ಟುಕೊಳ್ಳಿ. ಹುಟ್ಟಿದ ತೂಕ ಎಷ್ಟು, ಹುಟ್ಟಿದ ಕೂಡಲೇ ಅತ್ತಿತಾ, ಕಾಮಾಲೆ ಬಂದಿತ್ತಾ ಅಂತ ಪ್ರತಿ ಕೋಣೆಯಲ್ಲೂ ಕೇಳುತ್ತಾರೆ.